ಸಸ್ತಾ ದೇಶ

ಸೂರ್ಯಕಾಂತ ಒಂದು ಕೈಯನ್ನು ಅಣ್ಣನ ಮೊಣಕಾಲಿನ ಕೆಳಗೆ ತೂರಿಸಿ, ಇನ್ನೊಂದರಿಂದ ಹಿಮ್ಮಡಿ ಹಿಡಿದು ನೂಕಿದ. ಕಾಲು ಮಡಚಲಿಲ್ಲ. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೂಕಿದಾಗ ರೇವಪ್ಪನ ದೇಹವೆಲ್ಲ ಒಂದೇ ತುಂಡಾಗಿ ಚಾಪೆಯ ಮೇಲೆ ಗೇಣುದ್ದ ಹಿಂದಕ್ಕೆ ಸರಿಯಿತು.

"ಆಗಂಗಿಲ್ಲ," ಎಂದು ಎದ್ದು ನಿಂತು ಪ್ಯಾಂಟಿಗೆ ಕೈ ಒರೆಸಿಕೊಂಡ. "ಕಟಗಿ ಆಗ್ಯಾನ. ಮಲಗಿಸೇ ಮಣ್ಣು ಕೊಡೂಣು. ಜೆಸಿಬಿಯವಗ ಹೇಳೀನಿ, ಉದ್ದಕ ತೋಡಲಿಕ್ಕ ಹತ್ಯಾನ."

ಗೋಡೆಯ ಪಕ್ಕ ನಿಂತಿದ್ದ ಪ್ರೇಮಲಾ, "ಕೂಡಿಸೇ ಒಯ್ಯಬೇಕು," ಎಂದಳು.

ಅಂಗಳದಲ್ಲಿ ಕೂತವರು ಒಳಗೆ ಕತ್ತು ಚಾಚಿದರು. ರೇವಪ್ಪನ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಜೀವ ಹೋದ ತಾಸಿನೊಳಗೆ ಗೋಡೆಗೆ ಒರಗಿಸಿ, ಕಾಲು ಮಡಚಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ಆದರೆ ರೇವಪ್ಪ ರಾತ್ರಿ ನಿದ್ದೆಯಲ್ಲಿಯೇ ಹೋಗಿಬಿಟ್ಟಿದ್ದ. ಬೆಳಿಗ್ಗೆ ಚಹಾ ತಂದ ಪ್ರೇಮಲಾ ಹೆಗಲು ಮುಟ್ಟುವ ಹೊತ್ತಿಗೆ ಗಂಡನ ಮೈ ತಣ್ಣಗಾಗಿ ಸೆಟೆದಿತ್ತು. ತಾಂಡೂರಿನಿಂದ ಅವನ ತಮ್ಮ, ನಾರಾಯಣಖೇಡದಿಂದ ಅಕ್ಕ ಬಂದು ಸೇರುವಷ್ಟರಲ್ಲಿ ಜಹೀರಾಬಾದಿನ ಆ ಸಣ್ಣ ಮನೆಯ ಅಂಗಳದಲ್ಲಿ ಬಿಸಿಲು ಏರಿತ್ತು.

"ವೈನಿ, ಅವಗ ಈಗೇನ್ ಗೊತ್ತಾಗ್ತದ?" ಎಂದ ಸೂರ್ಯಕಾಂತ. ತಾಂಡೂರಿನಲ್ಲಿ ಅವನದು ಹಾಸುಗಲ್ಲಿನ ವ್ಯಾಪಾರ. ಮನುಷ್ಯರೊಂದಿಗೂ ಲಾರಿಗೆ ಕಲ್ಲು ಹೇರಿಸುವವನ ದನಿಯಲ್ಲೇ ಮಾತಾಡುತ್ತಿದ್ದ. "ಜೀವ ಇದ್ದಾಗ ಕುಂತಲ್ಲೇ ಕುಂತಾನ. ಸತ್ತ ಮ್ಯಾಲರ ಮಲಗಲಿ ಬಿಡ್ರಿ."

ಎರಡು ಮೂರು ಜನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಕ್ಕ ಬಸವೇಶ್ವರಿ ಮೂಗು ಒರೆಸಿಕೊಳ್ಳುತ್ತ, "ಕಡೀಕ ಯಾವ ದೇಶ ಆರಿಸಿದ್ನಂತ?" ಎಂದಳು.

"ಎಲ್ಲಾಕಿಂತ ಸಸ್ತಾದಕ್ಕೇ ಹೋಗ್ಯಾನ ಬಿಡಕ್ಕಾ. ಬಾಡಿಗಿ ಇಲ್ಲ, ಬ್ಯಾಳಿ ಖರ್ಚಿಲ್ಲ."

ಪ್ರೇಮಲಾಗೆ ಸಿಟ್ಟು ಬರಲಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ಅವಳೇ ಅವನಿಗೆ ಅಂದಿದ್ದಳು. ಗಂಡನ ಬಗ್ಗೆ ಅವಳಿಗಿದ್ದ ತಾತ್ಸಾರ ಹಳೆಯದು, ದಿನಾ ಬಳಸಿ ನುಣುಪಾದದ್ದು. ಆದರೆ ಅದು ಅವಳ ಸ್ವಂತದ್ದು. ಅದನ್ನು ಮಂದಿ ಎತ್ತಿಕೊಂಡು ಆಡುವುದನ್ನು ಕೇಳಿದಾಗ, ತನ್ನ ಸೀರೆಯನ್ನು ಯಾರೋ ಕೇಳದೆ ಉಟ್ಟುಕೊಂಡು ಬಂದಂತೆ ಅನಿಸಿತು.

"ಅಯ್ಯನೋರೇ, ನೀವು ಹೇಳ್ರಿ," ಎಂದಳು.

ಕ್ರಿಯೆ ಮಾಡಿಸಲು ಬಂದು ವಿಭೂತಿ ಉಂಡೆಗಳನ್ನು ಜೋಡಿಸುತ್ತಿದ್ದ ಮುದುಕ ಅಯ್ಯನವರು ತಲೆ ಎತ್ತಿದರು. "ಬಿಸಿನೀರಾಗ ಅರಿವಿ ಅದ್ದಿ ಕಾಸ್ರಿ, ಎಣ್ಣಿ ತಿಕ್ಕರಿ. ಮೆಲ್ಲಕ ಸಡಲ್ತಾವ. ಜೋರ್ ಮಾಡಬ್ಯಾಡ್ರಿ. ಆದ್ರ ಕುಂತು ಮಾಡೋರು ಬೇಕು."

"ಯಾರಿಗದ ಅಷ್ಟು ಫುರಸೊತ್ತು?" ಎಂದು ಸೂರ್ಯಕಾಂತ ಗಡಿಯಾರ ನೋಡಿಕೊಂಡ. "ಆತು. ಮೂರು ಗಂಟಿ ತನಕ ನೋಡ್ರಿ. ಆಮ್ಯಾಲ ಹ್ಯಾಂಗ ಅದಾನೋ ಹಂಗೇ ಎತ್ತೋದು."

ಪ್ರೇಮಲಾ ಸೆರಗು ಸಿಕ್ಕಿಸಿಕೊಂಡು ಗಂಡನ ಕಾಲ ಬುಡದಲ್ಲಿ ಕೂತಳು.

*

ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ರೇವಪ್ಪ ಗುಮಾಸ್ತನಾಗಿದ್ದ. ದಿನಾ ಬೆಳಿಗ್ಗೆ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ತೊಗರಿ, ಕಡಲೆ, ಹೆಸರು, ಜೋಳದ ದರ ಬರೆಯುವುದು ಅವನ ಕೆಲಸ. ನಿವೃತ್ತಿಯಾದ ಮೇಲೆ ದರ ಬರೆಯಲು ಹಲಗೆಯಿಲ್ಲದೆ ಕೆಲವು ತಿಂಗಳು ಚಡಪಡಿಸಿದ. ಆಮೇಲೆ ಫೋನಿನಲ್ಲಿ ದೇಶಗಳು ಸಿಕ್ಕವು. ಕಡಿಮೆ ಪಿಂಚಣಿಯಲ್ಲಿ ಸುಖವಾಗಿ ಇರಬಹುದಾದ ದೇಶಗಳು: ವಿಯೆಟ್ನಾಂ, ಜಾರ್ಜಿಯಾ, ಅಲ್ಬೇನಿಯಾ, ಶ್ರೀಲಂಕಾ. ಒಬ್ಬ ಬಿಳಿ ಮುದುಕ ಚಡ್ಡಿ ಹಾಕಿಕೊಂಡು ಸಮುದ್ರದ ದಂಡೆಯಲ್ಲಿ ನಡೆಯುತ್ತ, ಇಲ್ಲಿ ಮನೆ ಬಾಡಿಗೆ ಇಷ್ಟು, ದವಾಖಾನೆ ಖರ್ಚು ಇಷ್ಟು ಎಂದು ಹೇಳುವ ವಿಡಿಯೊಗಳನ್ನು ಊಟದ ಹೊತ್ತಿಗೂ ಹಚ್ಚಿರುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಬಾಡಿಗೆ ನೋಡುತ್ತಿದ್ದರು, ಹವೆ ನೋಡುತ್ತಿದ್ದರು. ರೇವಪ್ಪ ನೋಡುತ್ತಿದ್ದದ್ದು ಒಂದೇ: ಅಲ್ಲಿ ತೊಗರಿಬೇಳೆ ಕಿಲೋಕ್ಕೆ ಎಷ್ಟು. ಅಕ್ಕಿ, ಮೀನು ಬಿಟ್ಟಿ ಸಿಗುವಂಥ ಊರುಗಳಲ್ಲಿ ತೊಗರಿಬೇಳೆ ಇಂಡಿಯನ್ ಅಂಗಡಿಯ ಮೂಲೆಯಲ್ಲಿ ಸಣ್ಣ ಪಾಕೀಟಿನಲ್ಲಿ, ಬಾದಾಮಿಯ ದರದಲ್ಲಿ ಕೂತಿರುತ್ತಿತ್ತು. ಜೋಳದ ಹಿಟ್ಟಂತೂ ಕೇಳುವಂತಿಲ್ಲ.

"ವಿಯೆಟ್ನಾಂ ಭಾಳ ತುಟ್ಟಿ ಅದ," ಎಂದು ಅವನು ತಟ್ಟೆಯಲ್ಲಿ ಕೈ ತೊಳೆಯುತ್ತ ತೀರ್ಪು ಕೊಡುತ್ತಿದ್ದ.

"ನೀವು ದೇಶ ನೋಡಲಿಕ್ಕ ಹತ್ತೀರೋ, ಅಡತಿ ಅಂಗಡಿ ನೋಡಲಿಕ್ಕ ಹತ್ತೀರೋ?" ಎನ್ನುತ್ತಿದ್ದಳು ಪ್ರೇಮಲಾ. ಬೀದರಿನ ಕಾಲೇಜಿನಲ್ಲಿ ಬಿ.ಎ. ಓದಿದವಳು, ಭೂಪಟ ನೋಡದೆ ರಾಜಧಾನಿಗಳ ಹೆಸರು ಹೇಳಬಲ್ಲವಳು. "ಅಲ್ಲಿಯ ಮಂದಿ ತಿಂದದ್ದು ತಿಂದ್ರ ಆತಪ್ಪ."

"ಮೀನಾ?"

"ಅನ್ನ ಅದ, ಕಾಯಿಪಲ್ಯ ಅದ."

"ಬ್ಯಾಳಿ ಇಲ್ಲದ ಊರಾಗ ಮುದುಕರು ಎಷ್ಟ ದಿನ ಬದಕ್ತಾರ, ಪ್ರೇಮಲಾ?" ಎಂದು ಅವನು ನಿಜವಾಗಿಯೂ ಉತ್ತರ ಬೇಕಾದವನಂತೆ ಕೇಳುತ್ತಿದ್ದ. ಅವಳು ಎದ್ದು ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದಳು. ಅಂಗಡಿಯ ಮುಂದೆ ನಿಂತು ಎಲ್ಲ ಸೀರೆಯ ಮಡಿಕೆ ಬಿಚ್ಚಿಸಿ, ಏನೂ ಕೊಳ್ಳದೆ ಬರುವ ಗಿರಾಕಿಯನ್ನು ಕಟ್ಟಿಕೊಂಡೆನಲ್ಲ ಅನಿಸುತ್ತಿತ್ತು.

*

ಪಕ್ಕದ ಮನೆಯ ಪೋಚಮ್ಮ ಗಾರೆ ಕೆಲಸಕ್ಕೆ ಹೋಗುವವಳು. ಸಾವಿನ ಸುದ್ದಿ ಕೇಳಿ ಅಂದಿನ ಕೂಲಿ ಬಿಟ್ಟು ಬಂದು, ಯಾರನ್ನೂ ಕೇಳದೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನೀರಿಗಿಟ್ಟಿದ್ದಳು. ಪ್ರತಿ ಸಲ ಚರಿಗೆ ತಂದಾಗಲೂ ಒಂದು ಹನಿಯನ್ನು ತನ್ನ ಮುಂಗೈ ಮೇಲೆ ಹಾಕಿಕೊಂಡು, ರೇವಪ್ಪನಿಗೆ ಸುಟ್ಟೀತೇನೋ ಎಂಬಂತೆ ನೋಡಿ ಕೆಳಗಿಡುತ್ತಿದ್ದಳು. ಪ್ರೇಮಲಾ ಬಟ್ಟೆ ಅದ್ದಿ ಹಿಂಡಿ ಮೊಣಕಾಲಿಗೆ ಸುತ್ತುವಳು, ಬಿಚ್ಚಿ ಎಣ್ಣೆ ತಿಕ್ಕುವಳು, ಮತ್ತೆ ಸುತ್ತುವಳು.

ಅಂಗಳದಲ್ಲಿ ಮಾತು ಮತ್ತೆ ಕುದುರಿತ್ತು.

"ಪಾಸ್‌ಪೋರ್ಟಿನ ಫೋಟೋದಾಗ ಕೋಟ್ ಹಾಕ್ಯಾನಲ್ಲ, ಅದು ಯಾರದಂತ?" ಎಂದಿತು ಒಂದು ದನಿ.

"ಫೋಟೋ ಅಂಗಡೀದು. ಹಿಂದ ಹರದಿತ್ತಂತ, ಪಿನ್ ಹಚ್ಚಿದ್ರಂತ," ಎಂದ ಸೂರ್ಯಕಾಂತ. "ಮುಂದಿಂದ ಬ್ಯಾರಿಸ್ಟರ್, ಹಿಂದಿಂದ ರೇವಪ್ಪ."

ಈ ಸಲ ಬಾಯಿ ಮುಚ್ಚಿಕೊಳ್ಳಲು ಯಾರೂ ಟವೆಲ್ ಹುಡುಕಲಿಲ್ಲ; ಬಾಯ್ತುಂಬ ನಕ್ಕರು.

"ಇಲ್ಲೇನ್ ಕಡಿಮಿ ಇತ್ತು ಇವಗ?" ಎಂದಳು ಬಸವೇಶ್ವರಿ, ಒಳಗಿನವಳಿಗೂ ಕೇಳಲಿ ಎಂಬಂತೆ. "ಮಕ್ಕಳಿಲ್ಲ, ಮರಿ ಇಲ್ಲ. ಯಾರ ಸಲುವಾಗಿ ಬೇಕಾಗಿತ್ತು ಪರದೇಶ?"

ಮೊಣಕಾಲಿನ ಮೇಲೆ ಪ್ರೇಮಲಾಳ ಕೈ ನಿಂತಿತು.

*

ಹಿಂದೊಮ್ಮೆ ನಾರಾಯಣಖೇಡದಲ್ಲಿ ಬಸವೇಶ್ವರಿಯ ಮೊಮ್ಮಗನ ತೊಟ್ಟಿಲು ಶಾಸ್ತ್ರವಿತ್ತು. ಹೆಂಗಸರು ತೊಟ್ಟಿಲ ಎರಡೂ ಬದಿಗೆ ನಿಂತು ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಪ್ರೇಮಲಾಳ ಸರದಿ ಬಂತು. ಅವಳು ಎರಡೂ ಕೈ ಮುಂದೆ ಮಾಡಿದಳು. ಬಸವೇಶ್ವರಿ ಕೂಸನ್ನು ಅವಳ ಕೈಗಳ ಮೇಲಿಂದಲೇ ಆಚೆಯವಳಿಗೆ ಕೊಟ್ಟು, "ನಿನಗ ಕೈ ನೋವು, ಬಿಡು," ಎಂದಳು. ಪ್ರೇಮಲಾಗೆ ಯಾವ ಕೈಯೂ ನೋಯುತ್ತಿರಲಿಲ್ಲ. ಬಾಗಿಲ ಹೊರಗೆ ಪಂಕ್ತಿಯಲ್ಲಿ ಕೂತಿದ್ದ ರೇವಪ್ಪ ಹೋಳಿಗೆ ಮುರಿದವನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಅವನು ಶುಂಠಿಯ ದರದ ಬಗ್ಗೆ ಮಾತ್ರ ಮಾತಾಡಿದ. ಆ ವಾರವೇ ಫೋಟೋ ಅಂಗಡಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ. ಅವಳನ್ನೂ ಕರೆದೊಯ್ದು ಕೂಡಿಸಿ ತೆಗೆಸಿದ.

"ಅಲ್ಲಿ ಯಾರಿಗೂ ನಾವು ಯಾರಂತ ಗೊತ್ತಿರಂಗಿಲ್ಲ," ಎಂದಿದ್ದ.

"ಗೊತ್ತಿಲ್ಲಾಂದ್ರ ಏನ್ ಫಾಯಿದಾ?"

"ಎಷ್ಟು ಮಕ್ಕಳು ಅಂತ ಕೇಳಿದ್ರೂ ಆ ಭಾಷಾ ನಮಗ ತಿಳಿಯಂಗಿಲ್ಲ."

ಎದುರಿಗೆ ನಿಂತು ಉತ್ತರ ಕೊಡಲಾರದವನ ಮಾತು ಎಂದು ಅವಳು ಆಗ ಮುಖ ತಿರುಗಿಸಿದ್ದಳು.

ಒಂದು ಊರಲ್ಲಿ ಮಾತ್ರ ಬೇಳೆಯ ದರ ಹೊಂದಿಕೆಯಾಗಿತ್ತು. ರೇವಪ್ಪ ಅಲ್ಲಿಯ ಇಂಡಿಯನ್ ಅಂಗಡಿಯವನಿಗೆ ಫೋನು ಮಾಡಿ, ತನ್ನ ಹಿಂದಿಯಲ್ಲಿ ಎಲ್ಲ ವಿಚಾರಿಸಿ, ಕೊನೆಗೆ ಕೇಳಿದ: ನಮ್ಮಂಥವರು ಅಲ್ಲಿ ಸತ್ತರೆ ಕೂಡಿಸಿ ಮಣ್ಣು ಕೊಡಲು ಬಿಡುತ್ತಾರೆಯೇ? ಅಂಗಡಿಯವನು, "ಅಂಕಲ್, ಇಲ್ಲಿಗೆ ಜನ ಸಮುದ್ರ ನೋಡೋಕೆ ಬರ್ತಾರೆ," ಎಂದ. ಅವನ ಹಿಂದೆ ಯಾರೋ ನಕ್ಕದ್ದು ಪ್ರೇಮಲಾಗೂ ಕೇಳಿಸಿತು.

"ಆ ದೇಶ ಬ್ಯಾಡ," ಎಂದು ರೇವಪ್ಪ ಫೋನಿಟ್ಟ.

"ಸತ್ತ ಮ್ಯಾಲ ಕುಂತರೇನು, ಮಲಗಿದರೇನು?"

"ಮಲಗಿದವರನ್ನ ಮಂದಿ ಹ್ಯಾಂಗ ಬೇಕಾದ್ರೂ ಎತ್ತಿ ಒಗೀತಾರ," ಎಂದಿದ್ದ ಅವನು. "ಕುಂತವರ ಮುಂದ ಬಂದು ನಿಂದರಬೇಕಾಗ್ತದ."

*

"ಮಡಚ್ರಿ," ಎಂದಳು ಪ್ರೇಮಲಾ, ಅವನಿಗಷ್ಟೇ ಕೇಳುವಂತೆ. "ಜನ್ಮದಾಗ ನಂದೊಂದು ಮಾತು ಕೇಳಿಲ್ಲ ನೀವು. ಇದೊಂದು ಕೇಳ್ರಿ."

ಬಲಗಾಲು ಮೊದಲು ಸಡಿಲಾಯಿತು. ಬಿಗಿದ ಬಾಗಿಲಿನ ಚಿಲಕವನ್ನು ಒಳಗಿನಿಂದ ಯಾರೋ ತೆಗೆದಂತೆ ಬಿಟ್ಟುಕೊಟ್ಟಿತು. ಅದನ್ನು ಮೆಲ್ಲಗೆ ಒಳಗೆ ಮಡಚಿ, ಕೆಳಗೆ ದಿಂಬು ಕೊಟ್ಟು, ಎಡಗಾಲಿಗೆ ಬಟ್ಟೆ ಸುತ್ತುತ್ತಿರುವಾಗ ಸೂರ್ಯಕಾಂತ ಬಾಗಿಲಲ್ಲಿ ಬಂದು ನಿಂತ. ಮೂರು ಗಂಟೆಯಾಗಿತ್ತು.

"ನೋಡ್ರಿ ಇಲ್ಲಿ," ಎಂದು ಅಂಗಳದ ಕಡೆ ತಿರುಗಿ ಹೇಳಿದ. "ಒಂದ ಕಾಲು ಮಡಚ್ಯಾನ, ಒಂದು ಚಾಚ್ಯಾನ. ಹೋಗಲೋ ಬ್ಯಾಡೋ ಅಂತ ಇನ್ನೂ ವಿಚಾರ ನಡದದ."

"ಸೂರ್ಯಕಾಂತ," ಎಂದಳು ಪ್ರೇಮಲಾ. ಮೈದುನನನ್ನು ಅವಳು ಹೆಸರಿನಿಂದ ಕರೆದದ್ದು ಅದೇ ಮೊದಲು. "ಬಂದು ಈ ಕಾಲು ಹಿಡಿ."

ಅವನು ಕದಲಲಿಲ್ಲ.

"ಅಣ್ಣನ ಕಾಲು ಹಿಡೀಲಿಕ್ಕ ಬರಂಗಿಲ್ಲ ಅಂದ್ರ ಬಾಗಲದಾಗ ನಿಂದರಬ್ಯಾಡ. ನನಗ ಬೆಳಕು ಬೇಕು."

ಪೋಚಮ್ಮ ಚರಿಗೆ ಕೆಳಗಿಟ್ಟು ಒಳಗೆ ಬಂದು ಎಡಗಾಲಿನ ಬಳಿ ಕೂತಳು. ಬಸವೇಶ್ವರಿ ಹೊಸ್ತಿಲ ತನಕ ಬಂದು, "ಬ್ಯಾರೆ ಜಾತಿಯಾಕಿ ಮುಟ್ತಾಳೇನ ಈಗ?" ಎಂದಳು.

"ಮುಂಜಾನಿಂದ ಆಕಿ ಕಾಸಿದ ನೀರೇ ನಿಮ್ಮ ತಮ್ಮನ ಮೈಗಿ ಬಿದ್ದದ. ಆವಾಗ ಎಲ್ಲಿದ್ರಿ, ಅಕ್ಕೋರ?"

ಬಸವೇಶ್ವರಿ ಅಯ್ಯನವರ ಮುಖ ನೋಡಿದಳು. ಅವರು ಬಿಲ್ವದೆಲೆ ಆರಿಸುತ್ತಿದ್ದವರು ತಲೆ ಎತ್ತದೆಯೇ, "ಹಿಡೀಲಿ, ಹಿಡೀಲಿ. ಹೊತ್ತಾಗ್ತದ," ಎಂದರು.

ಇಬ್ಬರು ಹೆಂಗಸರು ಸೇರಿ ಎಡಗಾಲನ್ನೂ ಮಡಚಿದರು. ಬೆನ್ನು ಎತ್ತಿ ಗೋಡೆಗೆ ಒರಗಿಸಿದರು. ಎದೆಗೆ ಬಿಳಿ ಪಂಚೆ ಕಟ್ಟಿದರು. ರೇವಪ್ಪ ಕೂತ. ಅಂಗಳದಿಂದ ಒಬ್ಬೊಬ್ಬರೇ ಹೂವು ಹಿಡಿದು ಒಳಗೆ ಬರಬೇಕಾಯಿತು. ಕೂತ ಮುಖದ ಮಟ್ಟಕ್ಕೆ ಬಗ್ಗಿ, ಹೂವಿಟ್ಟು, ಕೈ ಮುಗಿದು ಸರಿದರು.

*

ಟ್ರ್ಯಾಕ್ಟರು ರುದ್ರಭೂಮಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೆಂಪು ಗರಸುಮಣ್ಣಿನ ಮೊರಂ ನೆಲದಲ್ಲಿ ಜೆಸಿಬಿ ಉದ್ದನೆಯ ಗುಂಡಿ ತೋಡಿಟ್ಟು ಹೋಗಿಬಿಟ್ಟಿತ್ತು. ಮಲಗುವವನಿಗೆ ಸಾಕಾಗುವಷ್ಟು ಉದ್ದ, ಕೂರುವವನಿಗೆ ಸಾಲದಷ್ಟು ಆಳ.

"ಈಗೇನ್ ಮಾಡೂದು?" ಎಂದ ಸೂರ್ಯಕಾಂತ.

"ತೋಡೂದು," ಎಂದಳು ಪ್ರೇಮಲಾ.

ಸಲಿಕೆ, ಗುದ್ದಲಿ ತರಿಸಿದರು. ಬೆಳಿಗ್ಗೆಯಿಂದ ನಕ್ಕವರೇ ಅಂಗಿ ಬಿಚ್ಚಿ ಸರದಿಯ ಮೇಲೆ ಗುಂಡಿಗಿಳಿದರು. ಮೊರಂ ಗಟ್ಟಿಯಿತ್ತು. ಸೂರ್ಯಕಾಂತ ಪ್ಯಾಂಟು ಮಡಚಿ ಇಳಿದು, ಅಂಗೈಗೆ ಬೊಬ್ಬೆ ಬರುವ ತನಕ ಅಗೆದು, ಬೈಯಲು ಬಾಯಿ ತೆರೆದವನು ಟ್ರ್ಯಾಕ್ಟರಿನಲ್ಲಿ ಕೂತು ತನ್ನನ್ನೇ ನೋಡುತ್ತಿದ್ದ ಅಣ್ಣನ ಮುಖ ಕಂಡು ಮತ್ತೆ ಗುದ್ದಲಿ ಎತ್ತಿದ. ಒಂದು ತುದಿ ಎದೆಮಟ್ಟ ಇಳಿದ ಮೇಲೆ ರೇವಪ್ಪನನ್ನು ಅಲ್ಲಿ ಕೂಡಿಸಿದರು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು, ಮಂತ್ರ ಮುಗಿಸಿ, ಮೇಲೆ ಹತ್ತಿ ಬಂದರು. ಎಲ್ಲರೂ ಗುಂಡಿಯ ಎರಡೂ ಬದಿಗೆ ನಿಂತು ಹಿಡಿ ಮಣ್ಣು ತೆಗೆದುಕೊಂಡರು.

ಅವನ ಮಡಚಿದ ಮೊಣಕಾಲುಗಳ ಮುಂದೆ, ಅವನನ್ನು ಮಲಗಿಸಲೆಂದು ತೋಡಿದ ಜಾಗ ಅಷ್ಟುದ್ದಕ್ಕೂ ಖಾಲಿ ಬಿದ್ದಿತ್ತು.

ಪ್ರೇಮಲಾ ಆಚೆ ತುದಿಗೆ ಹೋಗಿ, ಸೀರೆ ಎತ್ತಿ ಹಿಡಿದು, ಆ ಗುಂಡಿಯೊಳಗೆ ಇಳಿದಳು. ನಡೆದು ಬಂದು ಅವನೆದುರಿಗೆ ಕೂತಳು.

"ವೈನಿ, ಮ್ಯಾಲ ಬರ್ರಿ. ಮಣ್ಣು ಹಾಕಬೇಕು," ಎಂದ ಸೂರ್ಯಕಾಂತ.

"ಬರ್ತೀನಿ. ಕುಂತವರ ಮುಂದ ಒಂದ್ ಗಳಿಗಿ ಕೂಡಬೇಕು," ಎಂದು ಅವಳು ಕಾಲು ಮಡಚಿ ಸರಿಯಾಗಿ ಕೂತುಕೊಂಡಳು. ಮೇಲೆ ನಿಂತವರು ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡೇ ಕಾದರು.