ಕೈಗೆಟುಕುವ ನಲ್ಲಿ

ಜುಂಜೇಶ ನಾಲ್ಕಡಿ ಮುಟ್ಟಲಿಲ್ಲ. ಓರಗೆಯ ಹುಡುಗರೆಲ್ಲ ನೋಡನೋಡುತ್ತ ಎದೆಯುದ್ದ ಬೆಳೆದು ನಿಂತಾಗ ಅವನ ಕೈಕಾಲು ಮಾತ್ರ ಹಟ ಹಿಡಿದಂತೆ ಇದ್ದಲ್ಲೇ ಉಳಿದವು. ಮುಖ, ಮೀಸೆ, ದನಿ, ರಟ್ಟೆಯ ಬಲ ಎಲ್ಲ ಗಂಡಸಿನದೇ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿಯಿಂದ ಬಂದವನು ಡಿಪ್ಲೊಮಾ ಮುಗಿಸಿ, ಚಿತ್ರದುರ್ಗದಲ್ಲಿ ಮೋಹನ್‌ಕುಮಾರ್ ಎಂಬ ಎಂಜಿನಿಯರ ಆಫೀಸಿನಲ್ಲಿ ಪ್ಲಾನ್ ಹಾಕುವ ಕೆಲಸಕ್ಕಿದ್ದ. ಅಲ್ಲಿ ಯಾರೂ ಅವನನ್ನು ಕೀಳಾಗಿ ಕಂಡವರಲ್ಲ. ಆದರೆ ಸಂಜೆ ಟೀ ಕುಡಿಯುವಾಗ ಎಲ್ಲರೂ ರಸ್ತೆ ಬದಿ ನಿಂತೇ ಹರಟುವರು. ಆ ಮಾತು, ಆ ನಗೆ ಅವನ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಬಗ್ಗಿ ಹೇಳಲು ಅವರಿಗೆ ಮುಜುಗರ, ಕತ್ತೆತ್ತಿ ಕೇಳಲು ಇವನಿಗೆ ಮುಜುಗರ. ಬರಬರುತ್ತ ಅವನು ಹೋಗುವುದನ್ನು ಬಿಟ್ಟ. ಅವರು ಕರೆಯುವುದನ್ನು ಬಿಟ್ಟರು.

ಒಂದು ದಿನ ಮೋಹನ್‌ಕುಮಾರ್ ಅವನ ಮೇಜಿನ ಹತ್ತಿರ ಬಂದರು. “ಹೊಳಲ್ಕೆರೆ ಆಚೆ, ಹೊಸದುರ್ಗದ ದಾರೀಲಿ ಒಂದು ಅಂಗನವಾಡಿ ಐತಪ್ಪ. ಮಕ್ಕಳ ಟಾಯ್ಲೆಟ್ ಕಟ್ಟಿಸ್ಬೇಕಂತೆ, ಒಂದು ಟ್ರಸ್ಟ್‌ನೋರು ಕೇಳ್ಯಾರೆ. ಪ್ಲಾನು ನೀನೇ ಮಾಡಿದ್ರೆ...” ಎಂದವರು ಮುಂದಿನದನ್ನು ನುಂಗಿಕೊಂಡರು.

“ನಂಗಾದ್ರೆ ಗೊತ್ತಾಗ್ತೈತೆ ಅಂತಲಾ ಸಾರ್?”

“ಛೆ, ಹಂಗಲ್ಲಪ್ಪ.”

“ಹಂಗೇ ಅನ್ಕಳ್ರಿ ಸಾರ್. ನಿಜವಾಗ್ಲೂ ನಂಗೆ ಗೊತ್ತೈತೆ.”

ಅವನಿಗೆ ಬೇಸರವಾಗಿರಲಿಲ್ಲ. ಎತ್ತರದ ನಲ್ಲಿ, ಎತ್ತರದ ಚಿಲಕ, ಮುಖ ಕಾಣದ ಕನ್ನಡಿ, ಇವುಗಳ ಜೊತೆ ಅವನಷ್ಟು ಏಗಿದವರು ಆ ಆಫೀಸಿನಲ್ಲಿ ಯಾರಿದ್ದರು? ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಯಾರೋ ಹೊರಡುವ ಅವಸರದಲ್ಲಿ ಟಾಯ್ಲೆಟ್ಟಿನ ಬಾಗಿಲಿಗೆ ಹೊರಗಿನಿಂದ ಮೇಲಿನ ಚಿಲಕ ಹಾಕಿಕೊಂಡು ಹೋಗಿದ್ದರು. ಹೊರಗೆ ನಿಂತ ಜುಂಜೇಶನಿಗೆ ಅದು ಎಟುಕಲಿಲ್ಲ. ಕೂಗಿ ಕರೆಯಲು ನಾಚಿಕೆ. ಯಾರಾದರೂ ತಾವಾಗಿ ಬರಲೆಂದು ಒದ್ದೆ ನೆಲದ ಮೇಲೆ ಕಾಯುತ್ತ ನಿಂತು ಕೊನೆಗೆ ಬಟ್ಟೆಯಲ್ಲೇ ಆಗಿಹೋಗಿತ್ತು. ಅಂದಿನಿಂದ ಹೊರಗೆ ಹೋಗುವ ದಿನ ಅವನು ನೀರು ಕುಡಿಯುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥವರೂ ಇರಲಿಲ್ಲ.

ಅಂಗನವಾಡಿಯ ಹೇಮಾವತಿ ಟೀಚರು ಅವನನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದರೂ ಬೇಗ ಸಾವರಿಸಿಕೊಂಡು, “ಬರ್ರಿ ಸಾರ್, ಕುಂತ್ಕಳ್ರಿ” ಎಂದು ಕುರ್ಚಿ ಎಳೆದರು. ಹಿತ್ತಲಲ್ಲಿ ಟಾಯ್ಲೆಟ್ ಇತ್ತು, ದೊಡ್ಡವರ ಅಳತೆಯದು. ಅದರೊಳಗೆ ಈಗ ಸೌದೆ ಒಟ್ಟಿದ್ದರು. ಮಕ್ಕಳೆಲ್ಲ ಕಾಂಪೌಂಡಿನ ಸಂದಿಗೆ ಹೋಗುತ್ತಿದ್ದವು. “ಇವ್ಳೊಬ್ಳು ಮಾತ್ರ ಎಲ್ಲಿಗೂ ಹೋಗಲ್ಲ” ಎಂದು ಟೀಚರು ಮೂಲೆಯಲ್ಲಿ ಕೂತ ಹುಡುಗಿಯನ್ನು ತೋರಿಸಿದರು. “ಬಿಂದು ಅಂತ. ಬಯಲಾಗೆ ನಾಚ್ಕೆ, ಒಳಗೆ ಹೋದ್ರೆ ಗುಂಡಿಗೆ ಬೀಳ್ತೀನಿ ಅಂತಾಳೆ. ಅವ್ರಜ್ಜಿ ಬರೋಗಂಟ ಹಿಡ್ಕಂಡು ಕುಂತಿರ್ತಾಳೆ, ಪಾಪ.”

ಆ ಹುಡುಗಿ ಕಾಲು ಹೆಣೆದುಕೊಂಡು ಕೂತ ಬಗೆ ಜುಂಜೇಶನಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ತನ್ನ ರೂಮಿಗೆ ಹೋಗಿ ಗೋಡೆಗೆ ಒರಗಿ ನಿಂತು ತನ್ನ ಮೈಯನ್ನೇ ಅಳೆದುಕೊಂಡ. ಮೊಣಕಾಲೆಲ್ಲಿ, ಸೊಂಟವೆಲ್ಲಿ, ಕೈ ಚಾಚಿದರೆ ಎಲ್ಲಿಗೆ. ನಾಲ್ಕೈದು ವರ್ಷದ ಮಕ್ಕಳಿಗೂ ತನಗೂ ಏನು ಮಹಾ ಅಂತರ? ಅದೇ ಅಳತೆಯಲ್ಲಿ ತಗ್ಗಿನ ಕಮೋಡು, ತಗ್ಗಿನ ಬೇಸಿನ್ನು, ಅದರ ಹಿಂದೆ ನಲ್ಲಿ, ಎಟುಕುವಲ್ಲಿ ಚಿಲಕ. ಇಷ್ಟು ಪ್ರೀತಿಯಿಂದ ಅವನು ಯಾವ ಪ್ಲಾನನ್ನೂ ಹಾಕಿರಲಿಲ್ಲ. ಭೂಮಿಯ ಮೇಲೆ ತನ್ನ ಎತ್ತರಕ್ಕೆ ಸರಿಯಾದ ಒಂದು ಜಾಗ ಆಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದ. ಹೊಳಲ್ಕೆರೆಯ ಪ್ಲಂಬರ್ ಮಾರಣ್ಣ ಹೇಳಿದ ಹಾಗೆಯೇ ಕೂರಿಸಿಕೊಟ್ಟ.

ಮಕ್ಕಳನ್ನು ಮೊದಲು ಒಳಗೆ ಬಿಟ್ಟ ದಿನ ಎಲ್ಲ ತಲೆಕೆಳಗಾಯಿತು. ನಲ್ಲಿ ಬೇಸಿನ್ನಿನ ಹಿಂದಿತ್ತು, ಪುಟ್ಟ ತೋಳುಗಳು ಅಲ್ಲಿಗೆ ಹೋಗಲಿಲ್ಲ. ಹೋದರೂ ತಿರುಗಿಸುವ ಬಲವಿಲ್ಲ. ಕಮೋಡಿನ ಬಾಯಿ ಅಗಲವಾಗಿ, ಒಬ್ಬ ಹುಡುಗ ಮಡಚಿಕೊಂಡು ಒಳಕ್ಕೆ ಜಾರಿ ಕಿರುಚಿಕೊಂಡ. ಅದನ್ನು ಕಂಡ ಬಿಂದು ಓಡಿಹೋಗಿ ಟೀಚರ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು.

ಹೇಮಾವತಿ ಅವನ ಮನಸ್ಸು ನೋಯಿಸಲು ಹೇಳಲಿಲ್ಲ. ಕಂಡದ್ದನ್ನು ಹೇಳಿದರು: “ನಿಮಗೆ ಸರಿಯಾಗೈತೆ ಸಾರ್. ಇವ್ಕಲ್ಲ.”

ಚಿತ್ರದುರ್ಗಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಆ ಮಾತು ಅವನ ಪಕ್ಕದಲ್ಲೇ ಕೂತು ಬಂತು. ದೊಡ್ಡವರ ನಡುವೆ ತಾನು ಸೇರುವವನಲ್ಲ ಎನ್ನುವುದು ಹಳೆಯ ಸಂಗತಿ, ಅದಕ್ಕೆ ಒಗ್ಗಿಕೊಂಡಿದ್ದ. ಆದರೆ ಆ ಪುಟಾಣಿಗಳ ಜೊತೆಯಾದರೂ ತನಗೊಂದು ನಂಟಿದೆ ಎಂದು ಈ ಕೆಲ ವಾರ ನಂಬಿದ್ದನಲ್ಲ, ಅದೂ ಸುಳ್ಳಾಯಿತು. ತನ್ನ ಕೈಗೆ ಗಂಡಸಿನ ಬಲವಿದೆ, ಸೊಂಟಕ್ಕೆ ಗಂಡಸಿನ ಅಗಲವಿದೆ. ತಾನು ಯಾರ ಅಳತೆಗೂ ಸಲ್ಲದವನು. ಕಿಟಕಿಯಾಚೆ ತೆಂಗಿನ ತೋಟಗಳು ಹಿಂದೆ ಸರಿದವು. ಪಕ್ಕದ ಸೀಟು ಖಾಲಿಯಿದ್ದರೂ ಹತ್ತಿದವರು ಅವನನ್ನು ದಾಟಿ ಹಿಂದೆ ಹೋಗಿ ನಿಲ್ಲುತ್ತಿದ್ದರು.

ಕೆಲಸ ಬೇರೆಯವರಿಗೆ ಕೊಡಿ ಎಂದು ಹೇಳಲು ಮಾರನೆಯ ದಿನ ಮೋಹನ್‌ಕುಮಾರ್ ಎದುರಿಗೆ ಹೋಗಿ ನಿಂತ. ಬಾಯಿ ತೆರೆದಾಗ ಬಂದ ಮಾತೇ ಬೇರೆ. “ನಾನು ತಪ್ಪು ಮಾಡ್ದೆ ಸಾರ್. ನನ್ನ ನೋಡ್ಕಂಡು ಮಾಡ್ದೆ, ಮಕ್ಕಳನ್ನ ನೋಡ್ಲಿಲ್ಲ. ಅಲ್ಲಿ ಹೋಗಿ ಕೂರಾಕೆ ಸ್ವಲ್ಪ ದಿನ ಬಿಡ್ರಿ.”

ಕೂತ. ಕುರ್ಚಿ ಬೇಡವೆಂದು ಚಾಪೆಯ ಮೇಲೆ, ಮಕ್ಕಳ ನಡುವೆ. ಅವು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದು, ಕೂರುವ ಮೊದಲು ಗೋಡೆಗೆ ಕೈಯೂರುವುದು, ಲೋಟವನ್ನು ಎರಡೂ ಕೈಲಿ ಹಿಡಿಯುವುದು, ಕತ್ತಲಿಗಿಂತ ಮುಚ್ಚಿದ ಬಾಗಿಲಿಗೇ ಹೆಚ್ಚು ಹೆದರುವುದು, ಎಲ್ಲ ಕಂಡ. ಮೊದಲು ಮುಸಿಮುಸಿ ನಕ್ಕ ಮಕ್ಕಳು ಆಮೇಲೆ ಅವನನ್ನು ಮರೆತೇಬಿಟ್ಟವು. ಬಿಂದು ಮಾತ್ರ ಎದುರಿಗೆ ಬಂದು ನಿಂತು ಅವನ ಮೀಸೆಯನ್ನೇ ನೋಡಿದಳು.

“ಮಾಮ, ನೀನು ಯಾವಾಗ ದೊಡ್ಡೋನಾಗ್ತೀಯ?”

“ಆಗಿದೀನವ್ವ.”

“ಇಷ್ಟೇನಾ?”

“ಇಷ್ಟೇ.”

ಅವಳು ಸ್ವಲ್ಪ ಯೋಚಿಸಿ, ಸರಿ ಎನ್ನುವಂತೆ ತಲೆಯಾಡಿಸಿ, ಮೊಟ್ಟೆ ಕೊಡುತ್ತಿದ್ದ ಕಡೆ ಓಡಿದಳು. ಇಷ್ಟು ಸಲೀಸಾಗಿ ಅದನ್ನು ಒಪ್ಪಿಕೊಂಡವರು ಅವನಿಗೆ ಇನ್ನೊಬ್ಬರು ನೆನಪಾಗಲಿಲ್ಲ.

ಮತ್ತೆ ಒಡೆದು ಕಟ್ಟಿದರು. ಸಣ್ಣ ಬಾಯಿಯ ಮಕ್ಕಳ ಕಮೋಡು ತರಿಸಿದ್ದಾಯಿತು. ಕಾಲಿಡಲು ಕೆಳಗೊಂದು ಅಗಲದ ಕಟ್ಟೆ, ಎರಡೂ ಬದಿ ಹಿಡಿಯಲು ತೆಳ್ಳನೆಯ ಸ್ಟೀಲ್ ಸರಳು. ನಲ್ಲಿಯನ್ನು ಬೇಸಿನ್ನಿನ ಪಕ್ಕಕ್ಕೆ ತಂದು, ಮುಂಗೈಯಲ್ಲಿ ತಳ್ಳಿದರೂ ನೀರು ಬರುವಂಥ ಉದ್ದ ಹಿಡಿಕೆಯ ನಲ್ಲಿ ಹಾಕಿಸಿದ. ಬಾಗಿಲಿಗೆ ಚಿಲಕವಿಲ್ಲ. ಒಳಗಿದ್ದ ಮಗುವಿಗೆ ಹೊರಗಿನವರ ಕಾಲು ಕಾಣುವಂತೆ, ಹೊರಗಿನವರಿಗೆ ಮಗು ಕಾಣದಂತೆ ಅದನ್ನು ನೆಲದಿಂದ ತುಸುವೇ ಮೇಲೆತ್ತಿಸಿದ.

“ಇದೆಂಥ ಬಾಗ್ಲು ಮಾರಾಯ, ಪಂಚೆ ಎತ್ತಿ ಕಟ್ಟಿದಂಗೈತೆ!” ಎಂದು ಮಾರಣ್ಣ ನಕ್ಕ. ಜುಂಜೇಶನೂ ನಕ್ಕ. ಕೆಲಸ ಮುಗಿಸಿ ಮಾರಣ್ಣ ಬೈಕು ಹತ್ತಿ ಹೋದ ಮೇಲೆ ಹಿತ್ತಲು ಮತ್ತೆ ಸುಮ್ಮನಾಯಿತು.

ಮಕ್ಕಳು ಒಂದೊಂದೇ ಹೋಗಿ ಬಂದವು. ಯಾವುದೂ ಜಾರಲಿಲ್ಲ, ಯಾವುದೂ ಅಳಲಿಲ್ಲ. ನಲ್ಲಿ ತಳ್ಳಿ ತಳ್ಳಿ ಅಂಗಿಯೆಲ್ಲ ತೋಯಿಸಿಕೊಂಡು ಬೈಸಿಕೊಂಡವು. ಬಿಂದು ಮಾತ್ರ ಹತ್ತಿರವೂ ಸುಳಿಯಲಿಲ್ಲ. ಆಗಲಿ ಬಿಡು ಎಂದುಕೊಂಡು ಜುಂಜೇಶ ಚೀಲ ಹೆಗಲಿಗೇರಿಸಿದ. ಇನ್ನು ಇಲ್ಲಿಗೆ ಬರುವ ಕಾರಣವಿಲ್ಲ. ನಾಳೆಯಿಂದ ಮತ್ತೆ ಕಂಪ್ಯೂಟರು, ಮತ್ತೆ ಯಾರದೋ ಮನೆಯ ಪ್ಲಾನು.

ಗೇಟಿನ ಹತ್ತಿರ ಅವನ ಅಂಗಿ ಹಿಂದಕ್ಕೆ ಜಗ್ಗಿತು. ಬಿಂದು. ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೇಮಾವತಿ ಕೈ ನಿಲ್ಲಿಸಿ ನೋಡಿದರು.

“ಇಲ್ಲೇ ನಿಂತಿರು. ಹೋಗ್ಬ್ಯಾಡ” ಎಂದು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋದಳು. ಜುಂಜೇಶ ಬೆನ್ನು ತಿರುಗಿಸಿ ನಿಂತ.

“ಮಾಮ, ಇದೀಯಾ?”

“ಇದೀನವ್ವ. ಕಾಲು ಕಾಣ್ತೈತಲ್ಲ?”

“ಹೂಂ.” ಮತ್ತೆ ಒಳಗಿನಿಂದ, “ಇದೀಯಾ?”

“ಇದೀನಿ.”

ರಸ್ತೆಯಲ್ಲಿ ಹಾರನ್ ಕೇಳಿತು. “ಸಾರ್, ಚಿತ್ರದುರ್ಗದ ಬಸ್ಸು ಬಂತು! ಇದು ಬಿಟ್ರೆ ತುಂಬ ಹೊತ್ತು ಕಾಯ್ಬೇಕು” ಎಂದು ಹೇಮಾವತಿ ಜಗಲಿಯಿಂದ ಕೂಗಿದರು. ಜುಂಜೇಶ ನಿಂತಲ್ಲಿಂದಲೇ, ಹೋಗಲಿ ಬಿಡಿ ಎಂದು ಕೈಯಾಡಿಸಿದ. ಬಸ್ಸು ಒಂದು ಗಳಿಗೆ ನಿಂತು, ಧೂಳೆಬ್ಬಿಸಿ ಹೊರಟುಹೋಯಿತು.

ಒಳಗೆ ನೀರು ಬಿದ್ದ ಸದ್ದಾಯಿತು.

“ಮಾಮ?”

“ಇಲ್ಲೇ ಇದೀನವ್ವ” ಎಂದ ಜುಂಜೇಶ.