ಸಪ್ಪೆ ಹುಳು ಆರಿಸಿದ ಕೈ

ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಯಿಂದ ಶಿವಲಕ್ಷ್ಮಿ ಹುಳುಗಳನ್ನು ಒಂದೊಂದಾಗಿ ತಂತಿಯ ತುದಿಗೆ ಎತ್ತಿಕೊಳ್ಳುತ್ತಿದ್ದಳು. ಬರಿಗಣ್ಣಿಗೆ ಧೂಳಿನ ಕಣದಷ್ಟು. ಚೆನ್ನಾಗಿ ಹೊರಳುವುದು ನೀರಿನ ಹನಿಗೆ, ಸುಮ್ಮನೆ ಬಿದ್ದಿರುವುದು ಸ್ಪಿರಿಟ್ಟಿಗೆ. ಹನಿಯನ್ನು ಆಮೇಲೆ ಚಿಪ್‌ಗೆ ತುಂಬಬೇಕು. ಅಂಚೆಚೀಟಿಯಷ್ಟಗಲದ ಆ ಚಿಪ್‌ನಲ್ಲಿ ಕೂದಲೆಳೆಯಂಥ ಮೂವತ್ತು ಕಾಲುವೆಗಳು, ಒಂದೊಂದರಲ್ಲಿ ಒಂದು ಹುಳು. ಔಷಧಿ ಹರಿಸಿದರೆ ಎಷ್ಟು ಸಲ ಹೊರಳಿತೆಂದು ಕ್ಯಾಮೆರಾ ಎಣಿಸುತ್ತದೆ. ಕೈನಡುಕದ ಕಾಯಿಲೆಗೆ ಹೊಸ ಔಷಧಿ. ಹುಳುಗಳಿಗೂ ಅಂಥದೇ ಕಾಯಿಲೆ ಬರಿಸಿ ಬೆಳೆಸಿದ್ದರು.

"ಅದನ್ಯಾಕ ತೆಗೆದ್ರಿ ಅಕ್ಕಾ?" ಪಕ್ಕದಲ್ಲಿದ್ದ ಅಂಜನಾ ಕೇಳಿದಳು. ಔಷಧಿ ಹಾಕದ ಚಿಪ್ ಅವಳ ಪಾಲಿನದು.

"ಸಪ್ಪೆಯಾಗೈತೆ. ಬಿಟ್ರೆ ಇಡೀ ತಟ್ಟೆ ಕೆಡಿಸ್ತದೆ."

"ಇದೇನ್ ರೇಷ್ಮೆ ಹುಳ ಏನ್ರಿ? ನಾನು ಎಲ್ಲಾನೂ ಹಾಕ್ತೀನಿ." ಅಂಜನಾ ನಗುತ್ತ ತನ್ನ ಕೆಲಸಕ್ಕೆ ತಿರುಗಿದಳು.

ಶಿವಲಕ್ಷ್ಮಿಯ ಕೈ ನಿಂತಿತು. ರತ್ನಗಿರಿ ಪಕ್ಕದ ತವರೂರಿನಲ್ಲಿ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಮುಂಚೆ ಅವ್ವನ ಜೊತೆ ಕುಳಿತು ಕಾಯಿಲೆ ಹುಳು ಆರಿಸಿ ಸುಣ್ಣದ ಪುಡಿಗೆ ಹಾಕಿದ ಕೈ ಅದು. ಈ ಲ್ಯಾಬಿಗೆ ಬಂದ ಮೂರು ವಾರದಿಂದಲೂ ಆರಿಸುತ್ತಲೇ ಇತ್ತು. ಔಷಧಿಯ ಚಿಪ್‌ಗೆ ಗಟ್ಟಿ ಹುಳುಗಳಷ್ಟೇ ಹೋಗಿವೆ. ಪರದೆಯ ಮೇಲೆ ಹೊರಳಾಟದ ಲೆಕ್ಕದ ಗೆರೆ ಏರಿದ್ದು ಔಷಧಿಯಿಂದಲ್ಲ, ಅದಕ್ಕೇ ಇರಬಹುದು.

ಆ ಗೆರೆ ನೋಡಿಯೇ ಲ್ಯಾಬಿನ ಮುಖ್ಯಸ್ಥರಾದ ವಾಗೀಶ್ ಬೆಳಿಗ್ಗೆ, "ನಿಮ್ಮ ಕೈಗುಣ ಭಾರಿ ಐತ್ರಿ" ಅಂದಿದ್ದರು. ಸೋಮವಾರ ವರದಿ ಕಂಪನಿಗೆ ಹೋಗುತ್ತದೆ. ಅವಳ ಕೆಲಸ ಕಾಯಂ ಆಗುವ ಮಾತೂ ಬಂದಿತ್ತು.

ಸಂಜೆ ರಾಯದುರ್ಗದ ಪೇಟೆ ದಾಟುವ ಆಟೋದಲ್ಲಿ ಅವಳು ಮೂರು ಸಲ ಫೋನ್ ತೆಗೆದು, ವಾಗೀಶರ ಹೆಸರು ನೋಡಿ ಒಳಗಿಟ್ಟಳು. ತೆಗೆದದ್ದು ತಟ್ಟೆಗೆ ಆರೇಳು ಹುಳು, ಅಷ್ಟರಿಂದ ಏನಾದೀತು? ಆದರೆ ಒಂದು ಚಿಪ್‌ಗೆ ಬೇಕಾದದ್ದೇ ಮೂವತ್ತು.

ಮನೆಯಲ್ಲಿ ಅತ್ತೆ ಕೊಟ್ರಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಸೀರೆಯ ಮೇಲೆ ಚೆಲ್ಲಿತು.

"ನಿನ್ನ ಹುಳದ ಔಷಧಿ ಯಾವಾಗ ಬರ್ತೈತವ್ವಾ? ಚಲೋ ಕೆಲಸ ಮಾಡತೈತಂತ, ಕಲ್ಲೇಶ ಹೇಳ್ದ."

ಗಂಡನಿಗೆ ಹೇಳಿದ್ದು ತಾನೇ, ಹೋದ ವಾರ.

"ಇನ್ನೂ ನೋಡ್ತಾ ಇದೀವಿ ಅತ್ತೆ."

"ನೋಡ್ರಿ, ನೋಡ್ರಿ. ಅಷ್ಟರತನಕ ನಾನು ಚಾದಾಗ ಸ್ನಾನ ಮಾಡ್ತಿರ್ತೀನಿ."

ಶಿವಲಕ್ಷ್ಮಿ ಒದ್ದೆ ಬಟ್ಟೆ ತಂದು ಸೀರೆಯ ಮೇಲಿನ ಕಲೆ ಒರೆಸಿದಳು. ನಾಳೆ ಭಾನುವಾರ, ಲ್ಯಾಬಿನ ಬೀಗದ ಕೈ ಅವಳ ಬ್ಯಾಗಿನಲ್ಲೇ ಇತ್ತು. ಒಂದನ್ನೂ ಆರಿಸದೆ ಹೊಸ ಚಿಪ್ ತುಂಬಬೇಕು. ಗೆರೆ ಎಲ್ಲಿಗೆ ಬಿದ್ದರೂ, ಮೂರು ವಾರ ತಾನು ಮಾಡಿದ್ದನ್ನು ಬರೆದು, ಅದನ್ನೂ ಹೊಸ ಗೆರೆಯನ್ನೂ ವರದಿ ಹೋಗುವ ಮುಂಚೆ ವಾಗೀಶರ ಮೇಜಿನ ಮೇಲಿಡಬೇಕು.

"ನಾಳೆ ನೇಮಕಲ್ಲಿನ ಗುಡಿಗೆ ನೀವು, ನಿಮ್ಮ ಮಗ ಇಬ್ರೂ ಹೋಗಿ ಬನ್ನಿ ಅತ್ತೆ," ಅಂದಳು. "ನಂಗೆ ಸ್ವಲ್ಪ ಕೆಲಸ ಐತೆ."