ತಲೆಕೆಳಗಿನ ತೆಂಗು

ಅಂಗಡಿ ಬೋರ್ಡು ಬರೆಯುವುದರಲ್ಲಿ ತಿಪಟೂರಿನ ಕರಿಯಪ್ಪ ಎತ್ತಿದ ಕೈ. ಆದರೆ ನೀರು ಬರೆಯುವುದೆಂದರೆ ಸಾಮಾನ್ಯವೇ? ಕಿಬ್ಬನಹಳ್ಳಿಯ ಫೋಟೋ ಸ್ಟುಡಿಯೋದ ತೋಂಟದಾರ್ಯ, ಗಿರಾಕಿಗಳ ಹಿಂದೆ ಇಳಿಬಿಡಲು ಒಂದು ಪರದೆ ಬೇಕು, ಅದರಲ್ಲಿ ಕೆರೆ, ತೆಂಗು, ನೈದಿಲೆ ಇರಬೇಕು ಎಂದಿದ್ದ. ಫೋಟೋ ಬರುವುದು ಕಪ್ಪುಬಿಳುಪಿನಲ್ಲಾದರೂ ಪರದೆ ಮಾತ್ರ ಬಣ್ಣದ್ದೇ ಆಗಬೇಕಂತೆ! ಇವನೂ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಿದ್ದ.

ಹೂಂ ಅಂದದ್ದು ಹೋದ ವಾರ. ನಿನ್ನೆ ಸೂಲಗಿತ್ತಿ ಕೊಲ್ಲಾಪುರಮ್ಮ ಬಂದು ಅವನ ಹೆಂಡತಿ ಚಿಕ್ಕಗಂಗಮ್ಮನ ಹೊಟ್ಟೆ ಮುಟ್ಟಿ ನೋಡಿ, "ಎಂಟು ತುಂಬ್ತಾ ಬಂತು, ಕೂಸಿನ ತಲೆ ಇನ್ನೂ ಮ್ಯಾಲೇ ಅದೆ ಕಣಪ್ಪ. ಕೆಳಕ್ಕೆ ತಿರುಗ್ಬೇಕು," ಎಂದು ಹೇಳಿ ಹೋಗಿದ್ದಳು. ಮೊದಲನೆಯದು ಕಾಲು ಮುಂದಾಗಿ ಬಂದು ಉಳಿದಿರಲಿಲ್ಲ. 

ಆದರೂ ಕರಿಯಪ್ಪ ಪರದೆಯನ್ನು ಜಗುಲಿಯ ಗೋಡೆಗೆ ಬಿಗಿದು ಮೊದಲು ಆಕಾಶ ಬಳಿದ. ಅದೇ ನೀಲಿಗೆ ಚೂರು ಕಪ್ಪು ಬೆರೆಸಿ ಕೆಳಗೆ ನೀರು ಮಾಡಿದ. ದಡದಲ್ಲಿ ಮೂರು ತೆಂಗು ನಿಲ್ಲಿಸಿದ. ನೈದಿಲೆ ಎಲೆಗಳನ್ನು ದುಂಡಗೆ ಬರೆದರೆ ಅವು ರೊಟ್ಟಿ ಹಂಚಿನಂತೆ ಎದ್ದು ನಿಂತವು.

"ಎಲೆ ಮಲಗಿರ್ತವೆ ಕಣ್ರೀ," ಎಂದಳು ಕಂಬಕ್ಕೊರಗಿ ಕೂತಿದ್ದ ಚಿಕ್ಕಗಂಗಮ್ಮ.

ಅವನ್ನು ಅಡ್ಡಕ್ಕೆ ಚಪ್ಪಟೆ ಮಾಡಿ, ಒಂದೊಂದಕ್ಕೂ ಒಂದು ಸೀಳು ಬಿಟ್ಟು, ಅಡಿಗೆ ಕಪ್ಪು ಗೀಟೆಳೆದ. ಈಗ ಎಲೆ ನೀರಿನ ಮೇಲೆ ಕೂತವು.

ಉಳಿದದ್ದು ನೀರೊಳಗಿನ ನೆರಳು. ಬ್ರಷ್ಷು ಅದ್ದಿದವನು ಹಾಗೇ ನಿಂತ. ನೆರಳೆಂದರೆ ತೆಂಗನ್ನು ತಲೆಕೆಳಗಾಗಿ ಬರೆಯಬೇಕು. ಬಸುರಿ ಇರುವ ಮನೆಯಲ್ಲಿ ಕಲ್ಪವೃಕ್ಷವನ್ನು ತಲೆಕೆಳಗು ಮಾಡುವುದುಂಟೆ? ಬರೆಯದೆ ಬಿಟ್ಟರೆ ಅದು ಕೆರೆಯಲ್ಲ, ನೀಲಿ ಬಳಿದ ಗೋಡೆ. ಅತ್ತ ದರಿ, ಇತ್ತ ಪುಲಿ. ಅವನಿಗೆ ಅಳುವೇ ಬಂದಂತಾಯಿತು.

"ನೀನು ಒಳಕ್ಕೋಗು ಕಣೇ. ಇದ್ನ ನೋಡ್ಬೇಡ."

"ಯಾಕೆ?"

"ಮರ ತಲೆಕೆಳಗಾಗ್ತದೆ."

 ಅವಳು ಕಂಬ ಹಿಡಿದು ಎದ್ದು ಬಂದು, ಪರದೆಯ ಎದುರಿಗೇ ಹೊಟ್ಟೆ ಮುಂದಾಗಿ ಕೂತಳು.

"ಬರೀರಿ. ಒಳಗಿರೋ ಕೂಸೂ ಇದ್ನ ನೋಡಿ ಕಲ್ತ್ಕಳ್ಳಿ."

ತಮಾಷೆಗೆ ಅಂದಳೋ, ನಿಜಕ್ಕೂ ಅಂದಳೋ ಅವನಿಗೆ ತಿಳಿಯಲಿಲ್ಲ. ನಗಬೇಕೋ ಗದರಬೇಕೋ ಅದೂ ತಿಳಿಯಲಿಲ್ಲ. ಬರೆದ. ಬುಡ ದಡಕ್ಕೆ, ಗರಿ ಕೆಳಕ್ಕೆ. ಬಣ್ಣ ಆರುವ ಮೊದಲೇ ಒದ್ದೆ ಬ್ರಷ್ಷನ್ನು ಅಡ್ಡಡ್ಡ ಎಳೆದು ಅಲೆ ಮಾಡಿದ. ಒಂದಾದ ಮೇಲೆ ಒಂದು, ಕೈ ನಿಲ್ಲಲೇ ಇಲ್ಲ.

ಹಿಂದೆ ಸರಿದು ನೋಡಿದರೆ ದಡದ ಮೇಲೆ ಮೂರು ಮರ, ನೀರಿನಲ್ಲಿ ನಾಲ್ಕು. ನಾಲ್ಕನೆಯದು ಮೊಳದುದ್ದದ ಸಸಿ, ತಲೆ ಕೆಳಗೆ ಮಾಡಿಕೊಂಡಿತ್ತು. ತೋಂಟದಾರ್ಯ ಕೇಳದೆ ಬಿಡುವವನಲ್ಲ. ಕರಿಯಪ್ಪ ಒರೆಸುವ ಬಟ್ಟೆ ಎತ್ತಿಕೊಂಡ. ಅಳಿಸಲು ಮನಸ್ಸು ಬರಲಿಲ್ಲ.